ಕುರ್ಚಿ ಬಿಟ್ಟವರ ಮಗಳು

ನಂಬೋದಿಲ್ಲ ಅಂತ ಒಂದು ಸಲ ಹೇಳಿ ನೋಡೋಣ! ಮಾತಿನಲ್ಲಿ ನನ್ನನ್ನು ಮೀರಿಸುವವನು ನಮ್ಮ ಹೋಬಳಿಯಲ್ಲೇ ಇರಲಿಲ್ಲ. ಅಂಥ ನಾನು ಪರದೇಶದ ಗೋಥೆನ್‌ಬರ್ಗಿನಲ್ಲಿ ಒಂದೇ ಮಾತಿಗೆ ಬಾಡಿಗೆ ಕೋಣೆ ಕಳೆದುಕೊಂಡೆ.

ಟ್ರಾಮ್ ಸ್ಟಾಪಿನ ಎದುರಿಗೇ ಮನೆ, ಕೋಣೆ ತುಂಬ ಬಿಸಿಲು. ತಿಂಗಳುಗಟ್ಟಲೆ ಹುಡುಕಿದ ಮೇಲೆ ಸಿಕ್ಕಿದ್ದು. ಮನೆಯೊಡತಿ ಅಜ್ಜಿ “ಕೋಣೆ ನಿನ್ನದೇ” ಅಂದು ಕಾಫಿ ಕೊಟ್ಟು, ಗೋಡೆಯ ಫೋಟೊ ತೋರಿಸಿದರು.

“ನಮ್ಮಪ್ಪ. ಮೇಲ್ಮನೆ ಸದಸ್ಯರು. ಜಿಲ್ಲಾ ಸಭೆಯವರು ಆರಿಸಿ ಕಳಿಸಿದ್ದು.”

“ನಮ್ಮಲ್ಲೂ ಹಾಗೇ ಅಜ್ಜಿ! ನಮ್ಮಪ್ಪ ಪಂಚಾಯ್ತಿ ಮೆಂಬರು, ವಿಧಾನ ಪರಿಷತ್ತಿಗೆ ಓಟು ಹಾಕ್ತಾರೆ. ಈಗ ನಿಮ್ಮ ಮೇಲ್ಮನೆಯಲ್ಲಿ ಯಾರಿದ್ದಾರೆ?”

“ಮೇಲ್ಮನೆಯೇ ಇಲ್ಲ. ಆಗ ಕಾನೂನಿಗೆ ಎರಡೂ ಮನೆ ಒಪ್ಪಬೇಕಿತ್ತು, ಆಮೇಲೆ ರಾಜರ ರುಜು. ಈಗ ಮನೆ ಒಂದೇ, ರಾಜರ ರುಜುವೂ ಬೇಡ. ಮೇಲ್ಮನೆ ಮುಚ್ಚೋಣ ಅಂತ ಅಪ್ಪನೇ ಓಟು ಹಾಕಿದರು.”

ನಾನು ತೊಡೆ ತಟ್ಟಿಕೊಂಡು ನಕ್ಕೆ. “ಹೋಗಜ್ಜಿ! ಕೂತ ಕುರ್ಚಿಯನ್ನ ತಾನೇ ಮುರಿಯೋ ರಾಜಕಾರಣಿ ಎಲ್ಲಿದ್ದಾನೆ? ಮಗಳ ಮುಂದೆ ಹಾಗಂದಿರ್ತಾರೆ, ಅಷ್ಟೆ.”

ಅಜ್ಜಿ ಕಪ್ಪು ಕೆಳಗಿಟ್ಟರು. “ಅಪ್ಪ ಓಟು ಹಾಕಿದ್ದನ್ನ ನಾನು ಸದನದ ಗ್ಯಾಲರಿಯಲ್ಲಿ ಕೂತು ನೋಡಿದ್ದೆ. ಅವತ್ತು ಅಪ್ಪ ಯಾರ ಜೊತೆಗೂ ಮಾತಾಡದೆ ಊಟ ಮಾಡಿದರು.”

ಕ್ಷಮಿಸಿ ಅಂದೆ. ಪರವಾಗಿಲ್ಲ, ಕೋಣೆ ವಿಷಯ ಯೋಚಿಸಿ ಹೇಳ್ತೀನಿ ಅಂದರು. ಅಲ್ಲಿಯವರು ಯೋಚಿಸ್ತೀನಿ ಅಂದರೆ ಇಲ್ಲ ಅಂತಲೇ ಅರ್ಥ. ನಮ್ಮಪ್ಪನನ್ನು ಯಾರಾದರೂ ಹಾಗೆ ಸುಳ್ಳುಗಾರ ಮಾಡಿದ್ದರೆ ನಾನು ಅವರಿಗೆ ಕಾಫಿ ಮುಗಿಸೋಕೂ ಬಿಡ್ತಿರಲಿಲ್ಲ. ಆ ಬಿಸಿಲು ಈಗಲೂ ನೆನಪಾಗುತ್ತೆ.

ಅಜ್ಜಿ ಬಾಗಿಲವರೆಗೂ ಬಂದರು. ಕೊನೆಗೆ ನನಗೆ ಸಿಕ್ಕಿದ್ದು ಕಾಗದದಲ್ಲಿ ಸುತ್ತಿಕೊಟ್ಟ ಒಂದು ದಾಲ್ಚಿನ್ನಿ ಬನ್ನು.