ಊರು ತೋರಿಸುವ ಕಮಲಾ ಅತ್ತೆ

ಬೆಳಗಿನ ಐದು ಗಂಟೆಗೆ ಕಮಲಾ ಅತ್ತೆ ಮಲಗಿದ್ದವರ ಕಾಲ ಬಳಿ ಬಂದು ನಿಲ್ಲುತ್ತಿದ್ದಳು. ಇಲಕಲ್ ಸೀರೆಯ ಸೆರಗು ಸೊಂಟಕ್ಕೆ, ಕೈಯಲ್ಲಿ ಮಜ್ಜಿಗೆಯ ಸ್ಟೀಲ್ ಕ್ಯಾನು, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು. ಸರಕಾರಿ ದವಾಖಾನೆಯಲ್ಲಿ ನರ್ಸಾಗಿದ್ದಾಗ ರೂಢಿಯಾದ ಆ ಬೂಟನ್ನು ನಿವೃತ್ತಿಯಾದ ಮೇಲೂ ಆಕೆ ಬಿಡಲಿಲ್ಲ. "ಏಳ್ರಿ, ಬಿಸಲು ಏರೂದ್ರಾಗ ಗುಡ್ಡ ಏರಬೇಕು" ಎನ್ನುವುದು ಆಕೆಯ ಸುಪ್ರಭಾತ. ಜಮಖಂಡಿಯ ಆ ಮನೆಗೆ ಬೇಸಿಗೆಯಲ್ಲಿ ಬಂದ ನೆಂಟರು ಯಾರೇ ಇರಲಿ, ರಾಮತೀರ್ಥದ ಗುಡ್ಡ ಹತ್ತದೆ ಉಪ್ಪಿಟ್ಟು ತಿಂದ ಉದಾಹರಣೆ ಇಲ್ಲ.

ಅತ್ತೆ ನನ್ನ ತಂದೆಯ ತಂಗಿ. ಗಂಡ ಬೇಗ ತೀರಿಕೊಂಡಿದ್ದರು. ಒಬ್ಬನೇ ಮಗ ಮಹೇಶ. ಎರಡು ಓಣಿ ಆಚೆ ನಮ್ಮ ಮನೆ. ನಾನು ಬ್ಯಾಂಕಿನ ನೌಕರಿಗೆ ಸೇರಿ ಏಳು ಸೀಟಿನ ಕಾರು ಕೊಂಡ ದಿನವೇ ಆಕೆ ಅದರ ಸುತ್ತ ಒಂದು ಸುತ್ತು ಹಾಕಿ, "ಛಲೋ ಆತು. ಇನ್ನ ಬಂದವ್ರನ್ನ ಟಂಟಂ ರಿಕ್ಷಾದಾಗ ತುರುಕೂದು ತಪ್ಪತು" ಎಂದಿದ್ದಳು. ಅಂದಿನಿಂದ ನಾನು ಆಕೆಯ ಡ್ರೈವರ್.

ಒಮ್ಮೆ ಪುಣೆಯಿಂದ ಬಂದ ದೂರದ ಸಂಬಂಧಿಯೊಬ್ಬರು ಲೋಡಿಗೆ ಒರಗಿ ಕುಳಿತು, "ಈ ಕಡೆ ನೋಡೂವಂಥಾದ್ದು ಏನೈತ್ರಿ, ಕಬ್ಬು ಒಂದ ಬಿಟ್ರ" ಎಂದರು. ಅತ್ತೆ ಮರುದಿನ ಅವರನ್ನು ಕಬ್ಬಿನ ಗದ್ದೆಗೇ ಒಯ್ದಳು. ಬದುವಿನ ಮೇಲೆ ನಡೆಸಿ, ಆಲೆಮನೆಯ ಮುಂದೆ ಕೂಡಿಸಿ, ಬಿಸಿ ಬೆಲ್ಲವನ್ನು ಶೇಂಗಾದ ಜೊತೆ ತಿನ್ನಿಸಿದಳು. ಅವರು ಮೂರನೆಯ ಸಲ ಕೈ ಚಾಚಿದಾಗ, "ಸಾಕ್ರಿ, ಹೊಟ್ಟಿ ಕೆಡತೈತಿ" ಎಂದು ಪಾತ್ರೆ ಸರಿಸಿಟ್ಟಳು. ಅಷ್ಟೇ ಆಕೆಯ ಉತ್ತರ.

ಆದರೆ ಆಕೆಯನ್ನು ನಾನು ಪೂರ್ತಿಯಾಗಿ ಅರಿತದ್ದು ಮೈಸೂರಿನ ಬೀಗರು ಬಂದ ಬೇಸಿಗೆಯಲ್ಲಿ.

ಮಹೇಶ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಓದುವಾಗ ಪರಿಚಯವಾದ ಸಂಧ್ಯಾಳನ್ನು ಮದುವೆಯಾಗಿದ್ದ. ಹುಡುಗಿಯ ತಂದೆ ಶ್ರೀನಿವಾಸಯ್ಯನವರಿಗೆ ಅದು ಒಪ್ಪಿಗೆ ಇರಲಿಲ್ಲ. ಮದುವೆಗೆ ಬರಲಿಲ್ಲ, ಎರಡು ವರ್ಷ ಮಗಳ ಹತ್ತಿರ ಮಾತೂ ಆಡಲಿಲ್ಲ. ಕೊನೆಗೆ ಒಂದು ಮೇ ತಿಂಗಳಲ್ಲಿ ತಾಯಿ ಶಾರದಮ್ಮ ಫೋನು ಮಾಡಿ, ತಾವಿಬ್ಬರೂ ಶನಿವಾರ ಬಂದು ಭಾನುವಾರ ರಾತ್ರಿ ಹೊರಡುವುದಾಗಿ ತಿಳಿಸಿದರು. ಅತ್ತೆ ಕೂಡಲೇ ನನ್ನನ್ನು ಕರೆಸಿದಳು. "ಗಾಡಿ ತಯಾರ ಇಡು. ಎರಡೂ ದಿನ ಊರು ತೋರಸೂದೈತಿ."

"ಇಂಥಾ ಬಿಸಲಾಗ ಬ್ಯಾಡತ್ತಿ. ಮನ್ಯಾಗ ಆರಾಮ ಕುಂದರ್ಲಿ" ಎಂದೆ.

"ಮನ್ಯಾಗ ಕುಂತ್ರ ಹಳೇದೆಲ್ಲಾ ಹೊರಗ ಬರ್ತೈತಿ. ತಿರಗ್ಯಾಡಕೋಂತ ಇದ್ರ ಕಣ್ಣಿಗಿ ಕೆಲಸ ಇರ್ತೈತಿ, ಬಾಯಿಗಿ ಇರೂದಿಲ್ಲ. ಅವ್ರು ನಕ್ಕೋಂತ ಹೊಳ್ಳಿ ಹೋಗಬೇಕು. ಹುಡುಗಿ ಬಚ್ಚಲದಾಗ ನಳ ಬಿಟ್ಟಕೊಂಡು ಅಳಾಕತ್ತಾಳ ಬಸು. ನನಗ ಕೇಳ್ಸೂದಿಲ್ಲ ಅಂತ ತಿಳ್ಕೊಂಡಾಳ."

ಬೀಗರು ಬಂದರು. ಶ್ರೀನಿವಾಸಯ್ಯನವರು ಎತ್ತರದ, ಮಿತಮಾತಿನ ಮನುಷ್ಯ. ಅಳಿಯ ಕಾಲಿಗೆ ಬಿದ್ದಾಗ "ಇರಲಿ, ಇರಲಿ" ಎಂದರು. ಮಗಳ ಕಡೆ ಒಮ್ಮೆ ನೋಡಿ ಬ್ಯಾಗನ್ನು ತಾವೇ ಎತ್ತಿಕೊಂಡು ಒಳಗೆ ಹೋದರು. ಮುಖ ತೊಳೆದು ಚಹಾ ಕುಡಿಯುವಷ್ಟರಲ್ಲಿ ಅತ್ತೆ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಗುಡ್ಡ ಆಯಿತು. ಮುಧೋಳ ದಾಟಿ ತಿಮ್ಮಾಪುರದಲ್ಲಿ ಪರಿಚಯದ ರೈತರೊಬ್ಬರ ಮನೆಗೆ ಬೇಟೆನಾಯಿ ತೋರಿಸಲು ಕರೆದೊಯ್ದಳು. ಪಕ್ಕೆಲುಬು ಕಾಣುವ ಆ ನಾಯಿಯನ್ನು ನೋಡಿ ಶ್ರೀನಿವಾಸಯ್ಯನವರು, "ಇದಕ್ಕೆ ಸರಿಯಾಗಿ ಊಟ ಹಾಕಲ್ವೇ?" ಎಂದು ಕಳವಳದಿಂದ ಕೇಳಿದರು. ಮನೆಯ ಯಜಮಾನ ನಕ್ಕು, "ಇದರ ಮೈಕಟ್ಟ ಹಂಗ್ರೀ ಸಾಹೇಬ್ರ. ನನಗಿಂತ ಛಲೋ ಉಣ್ಣತೈತಿ" ಎಂದ. ಅವರ ತುಟಿಯ ಅಂಚಿನಲ್ಲಿ ನಗೆಯೊಂದು ಮೂಡಿ ಮಾಯವಾಯಿತು. ಅತ್ತೆ ನನ್ನ ಮೊಳಕೈ ತಿವಿದಳು. ಅದನ್ನು ಆಕೆ ನೋಡಿದ್ದಳು.

ಭಾನುವಾರ ಬೆಳಿಗ್ಗೆ ಬನಹಟ್ಟಿಯ ನೇಕಾರರ ಮನೆ. ಮಗ್ಗಗಳ ಸದ್ದಿನಲ್ಲಿ ಯಾರಿಗೆ ಯಾರ ಮಾತೂ ಕೇಳುವಂತಿರಲಿಲ್ಲ. ಅತ್ತೆಗೆ ಅದೇ ಬೇಕಾಗಿತ್ತೇನೋ. ಶಾರದಮ್ಮನವರು ಸೀರೆಯ ಅಂಚು ಸವರುತ್ತಾ ಮಗಳ ಕೈ ಹಿಡಿದುಕೊಂಡಿದ್ದರು. ಹೊರಗೆ ಬಂದಾಗ ಶ್ರೀನಿವಾಸಯ್ಯನವರು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡು ಹೇಳಿದರು: "ತಪ್ಪು ತಿಳ್ಕೋಬೇಡಿ. ನಾವು ಮಧ್ಯಾಹ್ನದ ಬಸ್ಸಿಗೇ ಹೊರಟುಬಿಡ್ತೀವಿ. ನೋಡೋದೆಲ್ಲ ಆಯ್ತಲ್ಲ."

ಸಂಧ್ಯಾ ತಲೆ ತಗ್ಗಿಸಿದಳು. ಅತ್ತೆ ಕಾರಿನ ಬಾಗಿಲು ತೆರೆದು ಹಿಡಿದು, "ಬೀಳಗಿ ಮೆಟ್ಟಲ ಬಾವಿ ಉಳದೈತ್ರಿ ಬೀಗರ. ಅದನ್ನ ನೋಡದ ಕಳಸಂಗಿಲ್ಲ. ಹತ್ರಿ" ಎಂದಳು. ರೋಗಿಗಳಿಗೆ ಗುಳಿಗೆ ನುಂಗಿಸುವಾಗಿನ ದನಿ ಅದು. ಅವರು ಹತ್ತಿದರು.

ದಾರಿಯ ಬಾಡಗಂಡಿ ಊರು ಇನ್ನೂ ಮುಂದಿರುವಾಗ ಟಾಯರ್ ಪಂಕ್ಚರ್ ಆಯಿತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಮಹೇಶ ದಾರಿಯಲ್ಲಿ ಹೋಗುತ್ತಿದ್ದ ಬೈಕೊಂದನ್ನು ನಿಲ್ಲಿಸಿ, ಸ್ಟೆಪ್ನಿ ಹಿಡಿದುಕೊಂಡು ಹೋದ. ಉಳಿದವರೆಲ್ಲ ಬೇವಿನ ಮರದ ಕೆಳಗೆ ಜಮಖಾನೆ ಹಾಸಿಕೊಂಡು ಕುಳಿತೆವು. ಮುಂದೆ ಡಾಂಬರು ರಸ್ತೆ, ಹಿಂದೆ ಕಬ್ಬು. ಬಿಸಿಗಾಳಿ. ತೋರಿಸಲು ಏನೂ ಇರಲಿಲ್ಲ. ಅತ್ತೆ ಮಜ್ಜಿಗೆಯ ಕ್ಯಾನನ್ನು ನೆರಳಿಗೆ ಸರಿಸಿಟ್ಟಳು.

ಸ್ವಲ್ಪ ಹೊತ್ತಿಗೆ ಶ್ರೀನಿವಾಸಯ್ಯನವರು ರಸ್ತೆಯನ್ನೇ ನೋಡುತ್ತಾ, "ಎರಡು ವರ್ಷದಲ್ಲಿ ನೀನು ಒಂದ್ಸಲನೂ ನನಗೆ ಫೋನ್ ಮಾಡಲಿಲ್ಲ" ಎಂದರು.

"ಮಾಡ್ದೆ ಅಪ್ಪ" ಎಂದಳು ಸಂಧ್ಯಾ. "ನೀವು ತೆಗೀಲಿಲ್ಲ. ಆಮೇಲೆ ನನಗೂ ಸಿಟ್ಟು ಬಂತು."

ಈಗ ಅತ್ತೆ ನಡುವೆ ಬಾಯಿ ಹಾಕುತ್ತಾಳೆ ಎಂದುಕೊಂಡೆ. ಆಕೆ ಎದ್ದು ಕಾರಿನ ಹಿಂದೆ ಹೋದಳು. ಖಾಲಿ ನೀರಿನ ಕ್ಯಾನು ಹಿಡಿದು ಬಂದಳು. "ಬಸು, ನೀರು ಮುಗದಾವು. ಆ ತ್ವಾಟದ ಮನೀಗಿ ಹೋಗಿ ತರೂಣ, ಬಾ."

ಬದುವಿನ ಮೇಲೆ ಸ್ವಲ್ಪ ದೂರ ನಡೆದ ಮೇಲೆ ಕೇಳಿದೆ: "ಈಗರ ಅರ್ಧ ಕ್ಯಾನ್ ನೀರಿತ್ತಲ್ಲತ್ತಿ?"

"ಇತ್ತು. ಚೆಲ್ಲಿ ಬಂದೆ."

"ಅವ್ರಿಗೆ ನೀರಡಿಕಿ ಆದ್ರ?"

"ಮಜ್ಜಿಗಿ ಐತಿ."

ತೋಟದ ಮನೆಯವರು ಕ್ಯಾನು ತುಂಬಿಕೊಟ್ಟರು. ನಾನು ಹೊರಟೆ. ಅತ್ತೆ ಕಟ್ಟೆಯ ಮೇಲೆ ಕುಳಿತೇಬಿಟ್ಟಳು. "ಎರಡ ದಿನ ನಾನ ಅವ್ರ ಬಾಯಿ ಕಟ್ಟಿಟ್ಟಿದ್ದೆ. ಅದು ಖರೆ ಔಷಧ ಅಲ್ಲ ಬಸು, ಬರೇ ಪಟ್ಟಿ. ಈಗ ಬಿಚ್ಚೇತಿ. ಜಗಳಾ ಆಗಲಿ, ಅಳಲಿ. ನಾವು ಹೋದ್ರ ಮತ್ತ ಸುಮ್ಮಾಗತಾರ. ಕುಂದ್ರು" ಎಂದಳು. ಮಾತು ಗಟ್ಟಿಯಾಗಿತ್ತು, ಆದರೆ ಕಣ್ಣು ಬೇವಿನ ಮರದ ಕಡೆಗೇ ಇತ್ತು. ಹುಡುಗಿ ಅಪ್ಪನ ಹಿಂದೆ ಹೊರಟುಬಿಟ್ಟರೆ ಎಂಬ ಹೆದರಿಕೆ ಆಕೆಗೂ ಇತ್ತು. ಆದರೂ ಅಲ್ಲಾಡಲಿಲ್ಲ.

ನಾವು ಮರಳಿದಾಗ ಶ್ರೀನಿವಾಸಯ್ಯನವರ ಕಣ್ಣುಗಳು ಕೆಂಪಾಗಿದ್ದವು. ಸಂಧ್ಯಾ ಅವರ ಪಕ್ಕದಲ್ಲಿ ಕುಳಿತು ಮಜ್ಜಿಗೆ ಬಗ್ಗಿಸುತ್ತಿದ್ದಳು. ಅವರಾಗಿಯೇ, "ಬಾವಿ ಇನ್ನೂ ಎಷ್ಟು ದೂರ ಕಮಲಮ್ಮನೋರೆ?" ಎಂದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ಇಲ್ಲೇ ಐತ್ರಿ" ಎಂದಳು.

ಬೀಳಗಿಯ ಬಾವಿಯ ಮೆಟ್ಟಿಲನ್ನು ತಂದೆ ಮಗಳು ಕೈ ಹಿಡಿದು ಇಳಿದರು. ಅತ್ತೆ ಅಂದು ಇಳಿಯಲಿಲ್ಲ. ಮೇಲೆ ನಿಂತು ನೋಡಿದಳು.

ಆಮೇಲಿನ ಚಳಿಗಾಲದಲ್ಲಿ ಅತ್ತೆಗೆ ಮೇದೋಜೀರಕದ ಕ್ಯಾನ್ಸರ್ ಎಂದು ಗೊತ್ತಾಯಿತು. ತನಗೆಷ್ಟು ದಿನ ಉಳಿದಿದೆ ಎಂದು ಆಕೆ ಡಾಕ್ಟರರನ್ನು ಕೇಳಲಿಲ್ಲ, ನರ್ಸಾಗಿದ್ದವಳಿಗೆ ತಿಳಿದಿತ್ತು. ಶ್ರೀನಿವಾಸಯ್ಯನವರು ಮೈಸೂರಿನಿಂದ ಬಂದವರು ವಾಪಸ್ಸು ಹೋಗಲಿಲ್ಲ. ಹಾಸಿಗೆಯ ಪಕ್ಕದಲ್ಲಿ ಕುಳಿತು ಮೋಸಂಬಿ ಬಿಡಿಸಿ, ಬೀಜ ತೆಗೆದು, ಒಂದೊಂದೇ ತೊಳೆ ತಿನ್ನಿಸುತ್ತಿದ್ದರು. "ಬೀಗರ ಕೈಲೆ ಸೇವಾ ಮಾಡಸ್ಕೊಳ್ಳಾಕತ್ತೇನಿ ನೋಡು" ಎಂದು ಅತ್ತೆ ನನಗೆ ಹೇಳಿದಳು. ನಾನು ಕೇಳಿದ ಆಕೆಯ ಕೊನೆಯ ಪೂರ್ತಿ ಮಾತು ಅದು.

ಅತ್ತೆಯನ್ನು ಮಣ್ಣು ಮಾಡಿದ ದಿನ ಓಣಿ ತುಂಬ ಜನ. ಮಹೇಶ ಯಾರನ್ನೂ ಮಾತಾಡಿಸುವ ಸ್ಥಿತಿಯಲ್ಲಿರಲಿಲ್ಲ. ಬಂದವರನ್ನು ಬಾಗಿಲಲ್ಲಿ ನಿಂತು ಕೈಮುಗಿದು ಒಳಗೆ ಕರೆಯುತ್ತಿದ್ದವರು ಶ್ರೀನಿವಾಸಯ್ಯನವರೇ. ರಬಕವಿಯಿಂದ ಬಂದ ಮುದುಕರೊಬ್ಬರು ಗುರುತು ಸಿಗದೆ, "ನೀವು ಕಮಲಕ್ಕಗ ಏನಾಗಬೇಕ್ರಿ?" ಎಂದು ಕೇಳಿದರು.

"ನಮ್ಮಕ್ಕ" ಎಂದರು ಅವರು.