ಬೀಗರೂಟಕ್ಕೆ ಹೋದ ಬಾಡಿಗೆ ಕಾರು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಪ್ಪ ಹೇಳಿದರೆ ಅದಕ್ಕೂ ಸಿಡುಕುತ್ತಿದ್ದವಳು ನಾನು. ಕಲ್ಯದಲ್ಲಿ ಬಾಡಿಗೆ ಕಾರು ಕಳುವಾದ ದಿನದಿಂದ ಅವರ ಮಾತನ್ನು ಒಪ್ಪಿಕೊಂಡಿದ್ದೇನೆ.

ಕಲ್ಯ ನನ್ನ ಸೋದರತ್ತೆಯ ಊರು. ಅಪ್ಪನಿಗೆ ಉಳಿದಿರುವ ಒಡಹುಟ್ಟು ಅವರೊಬ್ಬರೇ, ಅಕ್ಕ. ಮಂಡಿ ಕೆಟ್ಟ ಮೇಲೆ ಅಪ್ಪ ಬಸ್ಸು ಹತ್ತುವುದನ್ನು ಬಿಟ್ಟರು. ಅತ್ತೆಗೆ ಕಣ್ಣು ಮಂಜಾಯಿತು. ಮೂರು ವರ್ಷದಿಂದ ಇಬ್ಬರೂ ಫೋನಿನಲ್ಲೇ ಉಂಡೆಯಾ, ಮಲಗಿದೆಯಾ ಎಂದು ಕೇಳಿಕೊಂಡು ಕಾಲ ಹಾಕುತ್ತಿದ್ದರು. ಅತ್ತೆಯ ಮೊಮ್ಮಗಳ ಮದುವೆಯಾಗಿ ಬೀಗರೂಟಕ್ಕೆ ಕರೆ ಬಂದಾಗ, ಈ ಸಲ ಕರೆದುಕೊಂಡು ಹೋಗಿಯೇ ಸೈ ಎಂದು ನಾನು ಚನ್ನಪಟ್ಟಣದ ನಮ್ಮ ಬೀದಿಯ ಭಾಯ್ ಹತ್ತಿರ ಕಾರು ಕೇಳಿದೆ. ಅವರದು ಗೊಂಬೆ ಮಾಡುವ ಕೆಲಸ. ಜೊತೆಗೆ ಒಂದು ಕಾರನ್ನು, ನಾವೇ ಓಡಿಸಿಕೊಳ್ಳುವ ಹಾಗೆ, ಬಾಡಿಗೆಗೆ ಬಿಡುತ್ತಿದ್ದರು. ಅದರ ಕೀಗೆ ಅವರೇ ಕಡೆದು ಕೆಂಪು ಅರಗು ಹಚ್ಚಿದ ಪುಟ್ಟ ಬುಗುರಿ ಕಟ್ಟಿದ್ದರು.

ನಮ್ಮ ಕಡೆಯ ಬೀಗರೂಟದಲ್ಲಿ ಒಂದು ರೂಢಿಯಿದೆ. ಕೊಯ್ಲಾದ ರಾಗಿ ಹೊಲದಲ್ಲಿ ಕಾರುಗಳನ್ನು ಒಂದರ ಹಿಂದೊಂದು ನಿಲ್ಲಿಸಿ, ಕೀ ಅದರಲ್ಲೇ ಬಿಟ್ಟು ಹೋಗುತ್ತಾರೆ. ಮುಂದಿನ ಕಾರಿನವರು ಹೊರಟರೆ ಹಿಂದಿನವರು ಬಾಡೂಟದ ಎಲೆ ಬಿಟ್ಟು ಏಳಬಾರದಲ್ಲ! ಯಾರೋ ಒಬ್ಬರು ಹತ್ತಿ ಪಕ್ಕಕ್ಕೆ ಹಾಕುತ್ತಾರೆ. ನಾನು ಅಡುಗೆಯವರ ಕಡೆ ಹೋಗುವಾಗ ಕೀಯನ್ನು ಅಪ್ಪನ ಕೈಗೆ ಕೊಟ್ಟಿದ್ದೆ. ಅಪ್ಪ ಎಲ್ಲರ ಹಾಗೆ ಅದನ್ನು ಕಾರಿನಲ್ಲೇ ಬಿಟ್ಟು ಊಟಕ್ಕೆ ಬಂದರು. ಅತ್ತೆಯ ಪಕ್ಕ ಕೂತು, ತಮ್ಮ ಎಲೆಯ ಮೆತ್ತನೆಯ ತುಂಡುಗಳನ್ನು ಆರಿಸಿ ಆರಿಸಿ ಅವರ ಎಲೆಗೆ ಹಾಕುತ್ತಿದ್ದರು. ಅದನ್ನು ನೋಡುತ್ತಾ ನಾನು ಬಡಿಸುವುದನ್ನೇ ಮರೆತೆ.

ಹೊರಗೆ ಬಂದರೆ ಕಾರಿಲ್ಲ. ಯಾರೋ ಪಕ್ಕಕ್ಕೆ ಹಾಕಿರಬೇಕು ಎಂದು ಎಲ್ಲರೂ ಹೇಳಿದರು. ನಾನೂ ನಂಬಿ ಒಂದು ಗಂಟೆ ಹೊಲ, ತೋಪು, ರಸ್ತೆ ಎಲ್ಲ ಸುತ್ತಿದೆ. ಕಾರು ಕಾಣದಿದ್ದರೆ ಮೊದಲು ಮಾಲೀಕರಿಗೆ ಫೋನು, ಆಮೇಲೆ ಪೊಲೀಸು, ಹುಡುಕಾಟ ಕೊನೆಗೆ ಎಂಬುದು ಈಗ ಗೊತ್ತು. ಕೆಟ್ಟ ಮೇಲೆ ಬುದ್ಧಿ. ಆವತ್ತು ಸುತ್ತಿ ಬಂದವಳೇ ನಾನು ಮೊದಲು ಮಾಡಿದ್ದು ಅಪ್ಪನನ್ನು ಬೈದದ್ದು. ನೆಂಟರೆದುರು, ಅತ್ತೆಯೆದುರು.

"ಇಷ್ಟು ವಯಸ್ಸಾಯ್ತು, ಒಂದು ಕೀ ಇಟ್ಕೊಳಾಕೆ ಆಗಲ್ವಾ? ಇನ್ನು ನಿನ್ನ ಎಲ್ಲಿಗೂ ಕರ್ಕಂಡು ಬರಾಕಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಪ್ಪ ತಲೆಯೆತ್ತಲಿಲ್ಲ.

ಫೋನು ಮಾಡಿದಾಗ ಭಾಯ್ ಮೊದಲು ಕೇಳಿದ್ದು ಅಪ್ಪಾಜಿ ಚೆನ್ನಾಗಿದ್ದಾರಾ ಎಂದು. ಆಮೇಲೆ, ತಡ ಮಾಡದೆ ಠಾಣೆಗೆ ಹೋಗಿ, ಕಾರಿನ ಕಾಗದಗಳನ್ನು ಫೋನಿಗೆ ಕಳಿಸುತ್ತೇನೆ ಎಂದರು. ಕೀ ಬ್ಯಾಗಿನಲ್ಲಿತ್ತು ಎಂದು ಬರೆಸು, ಇಲ್ಲದಿದ್ದರೆ ಇನ್ಶೂರೆನ್ಸಿಗೆ ತೊಂದರೆ ಎಂದು ನೆಂಟರು ದಾರಿಯುದ್ದಕ್ಕೂ ಕಿವಿಯೂದಿದರು. ನನಗೆ ಅಷ್ಟು ಸುಳ್ಳು ಬೇಡವಾಯಿತು; ಕೀ ಬಿಟ್ಟವಳು ನಾನೇ ಎಂದು ಬರೆದೆ. ಬೈದ ತಪ್ಪಿಗೆ ಅಷ್ಟಾದರೂ ಮಾಡೋಣ ಎಂದಿತ್ತು ಮನಸ್ಸು. ನಾನು ಪೊಲೀಸರಿಗೆ ಓದಿ ಹೇಳಿದ್ದನ್ನು ಕೇಳಿ ಅಪ್ಪ ಠಾಣೆಯ ಬೆಂಚಿನಿಂದ ಎದ್ದರು.

"ಸುಳ್ಳು ಬರೀಬ್ಯಾಡ ಕಣವ್ವ. ಬುಟ್ಟಿದ್ದು ನಾನು."

ಹಾಳೆ ಹರಿದು ಮತ್ತೆ ಬರೆದೆ. ಅಪ್ಪ ಕೆಳಗೆ ತಮ್ಮ ಸಹಿ ಹಾಕಿದರು.

ಮೂರನೇ ದಿನ ಕಾರು ಕನಕಪುರದಾಚೆ ಉಯ್ಯಂಬಳ್ಳಿ ರಸ್ತೆಯಲ್ಲಿ ಸಿಕ್ಕಿತು. ಯಾರೋ ಪೆಟ್ರೋಲು ಮುಗಿಯುವವರೆಗೆ ಓಡಿಸಿ ಬಿಟ್ಟುಹೋಗಿದ್ದರು. ಕೆಂಪು ಬುಗುರಿ ಕೀಯಲ್ಲೇ ನೇತಾಡುತ್ತಿತ್ತು.

ಕಾರು ಬಂತು, ಅಪ್ಪ ಮಾತ್ರ ಮನೆ ಬಿಟ್ಟು ಕದಲಲಿಲ್ಲ. ಯಾವಾಗ ಬರುತ್ತೀಯ ಎಂದು ಅತ್ತೆ ಕೇಳಿದಾಗಲೆಲ್ಲ ಮಂಡಿನೋವಿನ ಹೆಸರು ಹೇಳುತ್ತಿದ್ದರು. ಮಂಡಿಯಲ್ಲ, ನನ್ನ ಮಾತು ಎಂದು ನನಗೆ ಗೊತ್ತಿತ್ತು. ತಪ್ಪಾಯಿತು ಎಂದೆ. ನೀನಂದದ್ದು ಸರಿಯೇ ಎಂದುಬಿಟ್ಟರು. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

ಕೊನೆಗೆ ಮುಖವಿಲ್ಲದಿದ್ದರೂ ಹೋಗಿ ಭಾಯ್ ಹತ್ತಿರ ಮತ್ತೆ ಕಾರು ಕೇಳಿದೆ, ಎಲ್ಲವನ್ನೂ ಹೇಳಿಕೊಂಡೆ. ಮರುದಿನ ಬೆಳಿಗ್ಗೆ ಅವರೇ ಕಾರು ತಂದು, ನನ್ನನ್ನು ದಾಟಿ ಹೋಗಿ, ಕೀಯನ್ನು ಅಪ್ಪನ ಅಂಗೈಯಲ್ಲಿಟ್ಟರು.

"ಅಪ್ಪಾಜಿ, ಗಾಡಿ ನಿಮ್ಮ ಜವಾಬ್ದಾರಿ. ಈ ಅಕ್ಕ ಬರೀ ಡ್ರೈವರ್ರು."

ಅಪ್ಪ ನನ್ನ ಮುಖ ನೋಡಿದರು. "ಹೊರಡಪ್ಪ, ಅತ್ತೆ ಕಾಯ್ತಾ ಇರ್ತಾಳೆ" ಎಂದೆ.

ಕಲ್ಯದಲ್ಲಿ ಇಂಜಿನ್ ಆರಿಸಿದವಳೇ ಕೀ ತೆಗೆದು, ಅವರು ಕೇಳುವ ಮೊದಲೇ ಅವರ ಕೈಗೆ ಕೊಟ್ಟೆ. ಬಾಗಿಲಲ್ಲಿ ನಿಂತಿದ್ದ ಅತ್ತೆ ತಡವರಿಸಿ ತಮ್ಮನ ಕೈ ಹಿಡಿದರು. ಅಪ್ಪನ ಒಂದು ಕೈಯಲ್ಲಿ ಕೋಲು, ಇನ್ನೊಂದು ಬಿಗಿಯಾದ ಮುಷ್ಟಿ. ಅದನ್ನು ಸವರಿ ನೋಡಿ, ಏನ್ಲಾ ಇದು ಎಂದು ಕೇಳಿದರು.

"ಕಾರಿನ ಕೀ ಕಣಕ್ಕ," ಎಂದರು ಅಪ್ಪ. "ನನ್ ಮಗ್ಳು ಕೊಟ್ಟವ್ಳೆ."