ಹೆಸರಿಲ್ಲದ ಬಟನ್ನು, ಬೋರ್ಡಕ್ಕನ ಸಹಿ

ಪಾಸ್ ಕಚೇರಿಯ ಮೆಟ್ಟಿಲ ಕೆಳಗೆ ಒಂದು ಕೋಣೆ ಇತ್ತು. ಕೋಣೆ ಅನ್ನುವುದು ದೊಡ್ಡ ಮಾತು. ಮೆಟ್ಟಿಲು ಕಟ್ಟಿದವನು ಉಳಿದ ಜಾಗಕ್ಕೆ ಒಂದು ಬಾಗಿಲು ಇಟ್ಟಿದ್ದ, ಅಷ್ಟೆ. ಅದರೊಳಗೆ ಇಪ್ಪತ್ತಾರು ವರ್ಷದಿಂದ ಟೆಲಿಫೋನ್ ಬೋರ್ಡಿನ ಮುಂದೆ ಕೂತವಳನ್ನು ಜವಾನನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರೂ ಬೋರ್ಡಕ್ಕ ಅನ್ನುತ್ತಿದ್ದರು. ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಗಿತ್ತು. ಕಿವಿ ಮಾತ್ರ ಇಬ್ಬರಿಗೆ ಹಂಚುವಷ್ಟಿತ್ತು. ಯಾವ ಸಾಹೇಬರು ಮೆಟ್ಟಿಲು ಹತ್ತಿದರು, ಯಾವ ಸಾಹೇಬರು ಹತ್ತಿದ ಹಾಗೆ ಮಾಡಿ ಹಿಂಬಾಗಿಲಿಂದ ಇಳಿದು ಹೋದರು ಎಲ್ಲವೂ ಅವಳಿಗೆ ಗೊತ್ತು. ‘ಮೀಟಿಂಗ್‌ನಲ್ಲಿದ್ದಾರೆ’ ಅನ್ನುವ ಒಂದೇ ಮಾತನ್ನು ಮೂರು ಥರ ಹೇಳುತ್ತಿದ್ದಳು. ಒಂದು ನಿಜವಾದ ಮೀಟಿಂಗಿಗೆ, ಒಂದು ನಿದ್ದೆಗೆ, ಇನ್ನೊಂದು ಬಂದೇ ಇಲ್ಲದವರಿಗೆ. ಅಭ್ಯಾಸ ಇದ್ದವರು ದನಿ ಕೇಳಿಯೇ ಅರ್ಥ ಮಾಡಿಕೊಂಡು ಫೋನಿಡುತ್ತಿದ್ದರು.

ಅವಳ ಅಸಲಿ ಕೆಲಸ ಬೇರೆಯೇ ಇತ್ತು. ಕಣ್ಣು, ಕಾಲು, ಕೈ ಹೀಗೆ ಏನಾದರೊಂದು ಕೈಕೊಟ್ಟವರಿಗೆ ಈ ಕಚೇರಿ ಬಸ್ಸಿನ ಪಾಸು ಕೊಡುತ್ತಿತ್ತು, ವರ್ಷವರ್ಷವೂ ಅದನ್ನು ನವೀಕರಿಸಬೇಕು. ವರ್ಷದಲ್ಲಿ ಕಾಲು ಬೆಳೆದಿದ್ದರೆ ಅನ್ನುವ ಮುಂದಾಲೋಚನೆ ಇರಬೇಕು. ಜನ ಫೋನ್ ಮಾಡಿ ವಿವರ ಹೇಳುತ್ತಿದ್ದರು. ಅವಳು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಮೇಲಿನ ವಿಭಾಗಕ್ಕೆ ಕಳಿಸುತ್ತಿದ್ದಳು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಅವಳ ಕಂಪ್ಯೂಟರಿನಲ್ಲಿತ್ತು. ಆ ಯಂತ್ರದ ಹೆಣ್ಣುದನಿಗೆ ಬೋರ್ಡಕ್ಕ ‘ನಮ್ಮ ಓದುವಾಕೆ’ ಅನ್ನುತ್ತಿದ್ದಳು.

ಹೀಗಿರುವಾಗ ದೊಡ್ಡ ಸಾಹೇಬರಿಗೆ ವೆಬ್‌ಸೈಟಿನ ಗೀಳು ಹಿಡಿಯಿತು. ಇನ್ನು ಮೇಲೆ ಪಾಸಿನ ನವೀಕರಣವೆಲ್ಲ ವೆಬ್‌ಸೈಟಿನಲ್ಲೇ, ಫೋನು ಬಂದ್ ಅಂತ ಆದೇಶ ಹೊರಟಿತು. ಬೋರ್ಡಕ್ಕನಿಗೆ ‘ಸೂಕ್ತ ಕೆಲಸ’ ಕೊಡಲಾಗುವುದು ಎಂದೂ ಅದರಲ್ಲಿತ್ತು. ಸೂಕ್ತ ಕೆಲಸ ಅಂದರೇನು ಅಂತ ಇಡೀ ಕಚೇರಿಗೆ ಗೊತ್ತು. ಟೈಪ್‌ರೈಟರ್ ಹೋದ ಮೇಲೆ ಹಳೆಯ ಟೈಪಿಸ್ಟಿಗೂ ಅದನ್ನೇ ಕೊಟ್ಟಿದ್ದರು. ಆತ ನಾಲ್ಕು ವರ್ಷದಿಂದ ರೆಕಾರ್ಡು ರೂಮಿನ ಕುರ್ಚಿಯಲ್ಲಿ ಕೂತು ಇಲಿಗಳ ಓಡಾಟ ನೋಡಿಕೊಂಡಿದ್ದ. ಈ ಕಚೇರಿಯಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಅವರ ಕೆಲಸವನ್ನು ತೆಗೆದುಬಿಡುತ್ತಾರೆ.

ಆದರೆ ಒಂದು ತೊಡಕು ಬಂತು. ‘ಈ ವೆಬ್‌ಸೈಟನ್ನು ದೃಷ್ಟಿಯಿಲ್ಲದವರು ಯಾರ ನೆರವೂ ಇಲ್ಲದೆ ಬಳಸಬಹುದು’ ಅಂತ ದೃಷ್ಟಿಯಿಲ್ಲದ ಒಬ್ಬರು ಪ್ರಮಾಣಪತ್ರ ಕೊಡದೆ ಫೋನು ಮುಚ್ಚುವ ಹಾಗಿಲ್ಲ ಅಂತ ನಿಯಮ. ಅದನ್ನೂ ಆ ವೆಬ್‌ಸೈಟಿನಲ್ಲೇ, ತಮ್ಮ ಕೈಯಾರೆ ತುಂಬಿ ಕಳಿಸಬೇಕು. ಇಡೀ ಕಚೇರಿಯಲ್ಲಿ ಅಂಥವರು ಒಬ್ಬರೇ ಇದ್ದರು. ತನ್ನ ಕುರ್ಚಿಯನ್ನು ಎತ್ತಿ ಹೊರಗಿಡುವ ಕಾಗದಕ್ಕೆ ಬೋರ್ಡಕ್ಕನೇ ಸಹಿ ಹಾಕಬೇಕಾಯಿತು.

ಅದಕ್ಕೂ ಮೊದಲು ಸಾಹೇಬರುಗಳು ಖುದ್ದಾಗಿ ಪರೀಕ್ಷೆ ಮಾಡಿದರು. ಹೇಗೆಂದರೆ, ಸಭಾಕೋಣೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿಕೊಂಡರು. ದೊಡ್ಡ ಸಾಹೇಬರು ಮೌಸ್ ಹಿಡಿದರು. ಅವರ ಕೈಯ ಮೇಲೆ ವೆಬ್‌ಸೈಟ್ ಮಾಡಿದ ಗುತ್ತಿಗೆದಾರ ಕೈಯಿಟ್ಟು, ಅಕ್ಷರ ತಿದ್ದಿಸುವ ಮೇಷ್ಟರ ಹಾಗೆ ಅತ್ತಿತ್ತ ಆಡಿಸಿದ. ಟಕ್ ಅಂತ ಅರ್ಜಿ ಹೋಯಿತು.

“ಅಬ್ಬಾ, ಎಷ್ಟು ಸಲೀಸು! ಕಣ್ಣು ಬೇಕೇ ಆಗಲಿಲ್ಲ ನೋಡಿ!” ಅಂದರು ಸಾಹೇಬರು. ಎಲ್ಲರೂ ಕಣ್ಣು ಮುಚ್ಚಿಕೊಂಡೇ ಚಪ್ಪಾಳೆ ತಟ್ಟಿದರು. ಉಪನಿರ್ದೇಶಕರೊಬ್ಬರು ಚಪ್ಪಾಳೆ ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ. ಅವರನ್ನು ಅಲುಗಾಡಿಸಿ ಎಬ್ಬಿಸಬೇಕಾಯಿತು.

ಮಾರನೆಯ ದಿನ ಬೋರ್ಡಕ್ಕನ ಸರದಿ. ಅವಳು ಮೌಸ್ ಮುಟ್ಟುವವಳಲ್ಲ. ಕೀಲಿಮಣೆಯ ಒಂದು ಕೀಲಿ ಒತ್ತುತ್ತ ಹೋದರೆ ಓದುವಾಕೆ ಒಂದೊಂದನ್ನೇ ಹೇಳುತ್ತ ಹೋಗಬೇಕು. ಓದುವಾಕೆ ಹೇಳಿದಳು: “ಚಿತ್ರ. ಚಿತ್ರ. ಚಿತ್ರ. ಖಾಲಿ ಜಾಗ. ಖಾಲಿ ಜಾಗ. ಹೆಸರಿಲ್ಲದ ಬಟನ್. ಹೆಸರಿಲ್ಲದ ಬಟನ್.”

ಯಾವ ಖಾಲಿ ಜಾಗದಲ್ಲಿ ಊರು, ಯಾವುದರಲ್ಲಿ ಹೆಸರು? ಎರಡು ಬಟನ್ನುಗಳಲ್ಲಿ ಅರ್ಜಿ ಕಳಿಸುವುದು ಯಾವುದು, ಅಳಿಸುವುದು ಯಾವುದು? ಬೋರ್ಡಕ್ಕ ಊಹೆ ಮಾಡಿ ಒಂದನ್ನು ಒತ್ತಿದಳು. ತುಂಬಿದ್ದೆಲ್ಲ ಅಳಿಸಿಹೋಯಿತು.

“ಸಾರ್, ಇದು ನನ್ನ ಕೈಲಾಗಲ್ಲ. ನಾನು ಸಹಿ ಹಾಕಲ್ಲ,” ಅಂದಳು.

ಮಧ್ಯಾಹ್ನದ ಊಟದ ಹೊತ್ತಿಗೆ ಸುದ್ದಿ ಮೂರೂ ಮಹಡಿ ಸುತ್ತಿ ಬಂತು. ಕುರ್ಚಿ ಉಳಿಸಿಕೊಳ್ಳೋಕೆ ನಾಟಕ ಅಂದರು. ಇಷ್ಟು ವರ್ಷ ಪಾಪದವಳು ಅಂದುಕೊಂಡಿದ್ದೆವು, ಆಸಾಮಿ ಭಾರಿ ಘಾಟಿ ಅಂದರು. ಮೆಟ್ಟಿಲ ಮೇಲೆ ನಿಂತು ಪಿಸುಗುಟ್ಟಿದರೆ ಕೆಳಗೆ ಕೇಳಿಸುತ್ತದೆ ಅನ್ನುವುದು ಅವರಿಗೆ ಹೊಳೆಯಲಿಲ್ಲ. ಅಥವಾ ಹೊಳೆದೇ ಅಲ್ಲಿ ನಿಂತಿದ್ದರು.

ಸಂಜೆ ಮನೆಯಲ್ಲಿ ತಂಗಿ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದಳು. ಇಬ್ಬರೇ ಇದ್ದ ಮನೆ, ತಂಗಿ ಬಟ್ಟೆ ಹೊಲಿಯುತ್ತಿದ್ದಳು.

“ಅಕ್ಕ, ಬೇಜಾರು ಮಾಡ್ಕೋಬೇಡ. ನಿಜವಾಗ್ಲೂ ಆಗಲ್ವಾ, ಇಲ್ಲ ನೀನೇ ಆಗಲ್ಲ ಅಂತಿದ್ದೀಯಾ?”

“ನೀನೂ ಹೀಗೆ ಕೇಳ್ತೀಯಲ್ಲೇ,” ಅಂದಳು ಬೋರ್ಡಕ್ಕ. ಊಟ ಸೇರಲಿಲ್ಲ. ಕಚೇರಿಯವರು ಅಂದದ್ದಕ್ಕಿಂತ ಇದು ಹೆಚ್ಚು ಚುಚ್ಚಿತು, ಯಾಕೆಂದರೆ ಅವಳೂ ಒಳಗೊಳಗೆ ಅದನ್ನೇ ಕೇಳಿಕೊಂಡಿದ್ದಳು. ಆ ಬಟನ್ನಿಗೆ ಹೆಸರಿಲ್ಲದ್ದು ಕೇಳಿ ತನಗೆ ಸಿಟ್ಟು ಬಂದಿತ್ತೋ, ಸಮಾಧಾನವಾಗಿತ್ತೋ? ಎರಡೂ ಆಗಿತ್ತು. ಅದನ್ನು ತಂಗಿಗೆ ಹೇಳುವ ಧೈರ್ಯ ಬರಲಿಲ್ಲ.

ಇತ್ತ ದೊಡ್ಡ ಸಾಹೇಬರು ಗುತ್ತಿಗೆದಾರನನ್ನು ಕರೆಸಿ ಜಾಡಿಸಿದರು. ಅವನು ಮಧ್ಯವಯಸ್ಸಿನ ಸಾಧು ಮನುಷ್ಯ, ಬೈದರೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ಚಿತ್ರಗಳಿಗೆ ವಿವರಣೆ ಬರೆಯಬೇಕು, ಬಟನ್ನಿಗೆ ಹೆಸರಿಡಬೇಕು ಅಂತ ಹೇಳಿದ. ಸಾಹೇಬರಿಗೆ ಮೊದಲಿನದಷ್ಟೇ ಕೇಳಿಸಿತು. ವೆಬ್‌ಸೈಟಿನ ತುಂಬ ಅವರದೇ ಫೋಟೋಗಳು.

ಕೂಡಲೇ ಚಿತ್ರ ವಿವರಣಾ ಸಮಿತಿ ಆಯಿತು. ಮೂರು ವಾರ ಕೂತರು. ಕಚೇರಿಯ ಇತಿಹಾಸದಲ್ಲಿ ಯಾವ ಸಮಿತಿಗೂ ಇಷ್ಟು ಹಾಜರಾತಿ ಇರಲಿಲ್ಲ. ‘ಹಸನ್ಮುಖಿಗಳಾದ’ ಮೊದಲು ಬರಬೇಕೋ ‘ಜನಾನುರಾಗಿಗಳಾದ’ ಮೊದಲು ಬರಬೇಕೋ ಅಂತ ಎರಡು ದಿನ ವಾದವಾಯಿತು. ಬೋಳುತಲೆಯವರೊಬ್ಬರು ತಲೆಯ ವಿಷಯ ಬೇಡವೇ ಬೇಡ, ಹಣೆ ವಿಶಾಲವಾಗಿದೆ ಅಂತ ಹಾಕಿ ಅಂದರು. ಉಪನಿರ್ದೇಶಕರು ತಮ್ಮ ಫೋಟೋಕ್ಕೆ ‘ಎತ್ತರದ ನಿಲುವಿನ’ ಅಂತ ಬರೆಸಿದರು. ಕಣ್ಣು ಕಾಣದವರಿಗೆ ಏನು ಗೊತ್ತಾಗುತ್ತದೆ ಅನ್ನುವ ಭರವಸೆ. ಇಪ್ಪತ್ತು ವರ್ಷದಿಂದ ಅವರ ದನಿ ತನ್ನ ಹೆಗಲಿನಿಂದ ಕೆಳಗೇ ಬರುವುದನ್ನು ಬೋರ್ಡಕ್ಕ ಕೇಳುತ್ತ ಬಂದಿದ್ದಳು.

ಉದ್ಘಾಟನೆಯ ದಿನ ಕೇಂದ್ರ ಕಚೇರಿಯಿಂದ ಪರಿಶೀಲಕಿ ಬಂದರು. ಸಭಾಕೋಣೆಯಲ್ಲಿ ಜನವೋ ಜನ. ಬೋರ್ಡಕ್ಕನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಎಲ್ಲರೆದುರೇ ಪ್ರಮಾಣಪತ್ರ ಕಳಿಸಿಬಿಡಲಿ, ಫೋಟೋ ಚೆನ್ನಾಗಿ ಬರುತ್ತದೆ ಅನ್ನುವುದು ಸಾಹೇಬರ ಲೆಕ್ಕಾಚಾರ.

ಓದುವಾಕೆ ಶುರು ಮಾಡಿದಳು. ಹಸನ್ಮುಖಿಗಳೂ ಜನಾನುರಾಗಿಗಳೂ ಆದ ದೊಡ್ಡ ಸಾಹೇಬರು ರಿಬ್ಬನ್ ಕತ್ತರಿಸುತ್ತಿರುವ ಚಿತ್ರ. ಅವರೇ ಗಿಡಕ್ಕೆ ನೀರೆರೆಯುತ್ತಿರುವ ಚಿತ್ರ. ಅವರೇ ಗಾಲಿಕುರ್ಚಿಯ ಪಕ್ಕದಲ್ಲಿ ನಿಂತಿರುವ ಚಿತ್ರ. ಕುರ್ಚಿಯಲ್ಲಿ ಯಾರು ಕೂತಿದ್ದರು ಅಂತ ಸಮಿತಿ ಬರೆದಿರಲಿಲ್ಲ. ಎತ್ತರದ ನಿಲುವಿನ ಉಪನಿರ್ದೇಶಕರು ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಹನ್ನೊಂದು ನಿಮಿಷ ಇದೇ ನಡೆಯಿತು. ಪರಿಶೀಲಕಿ ಎರಡು ಸಲ ಗಡಿಯಾರ ನೋಡಿಕೊಂಡರು. ಕಡೆಗೆ ಅರ್ಜಿ ಬಂತು.

“ಹೆಸರಿಲ್ಲದ ಬಟನ್. ಹೆಸರಿಲ್ಲದ ಬಟನ್,” ಅಂದಳು ಓದುವಾಕೆ.

ದೊಡ್ಡ ಸಾಹೇಬರು ಬಗ್ಗಿ ಕಿವಿಯಲ್ಲಿ ಹೇಳಿದರು, “ಎರಡನೇದು ಕಣಮ್ಮ, ಎರಡನೇದು. ಒತ್ತಿಬಿಡು.”

ಬೋರ್ಡಕ್ಕ ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. “ಸಾರ್, ಇಲ್ಲಿ ನೀವಿದ್ದೀರಿ, ಹೇಳಿದ್ರಿ. ಪಾಸ್ ಬೇಕಾದವರ ಮನೆಮನೆಗೂ ಹೀಗೆ ಬಂದು ಹೇಳ್ತೀರಾ?”

ಪಿಸುಮಾತಿಗೆ ಪಿಸುಮಾತಲ್ಲೇ ಉತ್ತರ ಕೊಡುವ ಪಾಠ ಅವಳಿಗೆ ಯಾರೂ ಕಲಿಸಿರಲಿಲ್ಲ. ಅವಳದು ಇಡೀ ಕಟ್ಟಡಕ್ಕೆ ಕೇಳಿಸುವ ದನಿ. ಪರಿಶೀಲಕಿ ಪೆನ್ನಿನ ಮುಚ್ಚಳ ತೆಗೆದರು. ಬಟನ್ ಸರಿಯಾಗುವವರೆಗೆ ಫೋನು ಮುಚ್ಚಕೂಡದು ಅಂತ ಬರೆದಿಟ್ಟು ಹೋದರು. ತಂದ ಹಾರ ಬಾಡುತ್ತದಲ್ಲ ಅಂತ ಸಾಹೇಬರು ಅದನ್ನು ಪ್ರಿಂಟರಿಗೆ ಹಾಕಿಸಿ ಫೋಟೋ ತೆಗೆಸಿಕೊಂಡರು.

ಸಂಜೆ ಗುತ್ತಿಗೆದಾರ ಮೆಟ್ಟಿಲ ಕೆಳಗೆ ಬಂದು ನಿಂತ. “ಅಕ್ಕ, ನಿಮ್ಮ ಪಕ್ಕ ಕೂತ್ಕೊಂಡು ಸರಿಮಾಡ್ಲಾ? ಅವರ ಹತ್ರ ಕೇಳಿ ಕೇಳಿ ಸಾಕಾಯ್ತು.”

ಇಬ್ಬರೂ ಕೂತರು. ಅವಳು ಒತ್ತುವುದು, ಎಲ್ಲಿ ಎಡವಿದಳೋ ಅಲ್ಲಿ ಅವನು ತಿದ್ದುವುದು. ಚಿತ್ರಗಳನ್ನು ದಾಟಿ ನೇರ ಅರ್ಜಿಗೆ ಹೋಗುವ ದಾರಿ ಮಾಡಿದ. ಖಾಲಿ ಜಾಗಗಳಿಗೆ ಹೆಸರು ಬಂತು. ಬಟನ್ನಿಗೆ ‘ಅರ್ಜಿ ಕಳಿಸಿ’ ಅಂತ ಬರೆಯಲು ಅರ್ಧ ನಿಮಿಷ ಹಿಡಿಯಿತು. ಒಟ್ಟು ಎರಡು ಗಂಟೆಯ ಕೆಲಸ.

“ಇಷ್ಟೇನಾ!” ಅಂತ ಅವನು ತಲೆ ಚಚ್ಚಿಕೊಂಡ. “ಐದು ತಿಂಗಳಾಯ್ತು ಅಕ್ಕ ನಾನು ಈ ಕಟ್ಟಡಕ್ಕೆ ಬರೋಕೆ ಶುರುಮಾಡಿ. ದಿನಾ ನಿಮ್ಮ ಬಾಗಿಲು ದಾಟ್ಕೊಂಡೇ ಮೇಲೆ ಹೋಗಿದ್ದೀನಿ.”

ಅವನು ಹೋದ ಮೇಲೆ ಬೋರ್ಡಕ್ಕ ಒಬ್ಬಳೇ, ಕಳಿಸುವ ಬಟನ್ನಿನವರೆಗೆ ಇನ್ನೊಮ್ಮೆ ಮಾಡಿ ನೋಡಿದಳು. ನಾಲ್ಕೇ ನಿಮಿಷ. ಎಲ್ಲೂ ತೊಡರಲಿಲ್ಲ. ಇನ್ನು ಆಗಲ್ಲ ಅನ್ನುವುದಕ್ಕೆ ನೆಪವೇ ಇರಲಿಲ್ಲ.

“ಇನ್ನೂ ಸರಿಹೋಗಿಲ್ಲ ಅಂತ ಹೇಳಿಬಿಡಕ್ಕ,” ಅಂದಳು ತಂಗಿ ಆ ರಾತ್ರಿ. “ಯಾರಿಗೆ ಗೊತ್ತಾಗತ್ತೆ? ನೀನು ಬಿಟ್ರೆ ನೋಡೋರು ಯಾರಿದ್ದಾರೆ ಅಲ್ಲಿ?”

ಹೇಳಬಹುದಿತ್ತು. ಒಂದು ವಾರ ಅವಳು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಪರೀಕ್ಷೆ ನಡೀತಿದೆ ಸಾರ್ ಅಂದಳು. ಮೀಟಿಂಗ್‌ನಲ್ಲಿದ್ದಾರೆ ಅನ್ನುವ ಮೂರನೇ ದನಿ ತನ್ನ ಬಾಯಿಂದಲೇ ತನ್ನ ವಿಷಯಕ್ಕೇ ಬಂದದ್ದು ಕೇಳಿ ಅವಳಿಗೇ ನಾಚಿಕೆಯಾಯಿತು.

ಎಂಟನೆಯ ದಿನ ಹಳೆಯ ಬಡಗಿ ಫೋನ್ ಮಾಡಿದ. ಮುದುಕ, ಆರು ವರ್ಷದ ಹಿಂದೆ ಕಣ್ಣು ಹೋಗಿತ್ತು, ವರ್ಷವರ್ಷವೂ ಪಾಸಿಗೆ ಅವಳನ್ನೇ ಹುಡುಕಿಕೊಂಡು ಫೋನ್ ಮಾಡುವವ. ಈಚೆಗೆ ಸೊಸೆ ಅವನ ಮೊಬೈಲಿಗೂ ಓದಿ ಹೇಳುವ ದನಿ ಹಾಕಿಕೊಟ್ಟಿದ್ದಳು. ಬೋರ್ಡಕ್ಕ ಕೀಲಿಮಣೆ ಹತ್ತಿರ ಎಳೆದುಕೊಂಡಳು. ಆಮೇಲೆ ಏನನ್ನಿಸಿತೋ, ದೂರ ತಳ್ಳಿದಳು.

“ಯಜಮಾನರೇ, ಈ ಸಲ ನೀವೇ ಮಾಡ್ತೀರಾ? ವೆಬ್‌ಸೈಟ್ ಇನ್ನೂ ಪರೀಕ್ಷೆಯಲ್ಲಿದೆ, ಆದ್ರೆ ಅರ್ಜಿ ತಗೊಳ್ಳತ್ತೆ. ಆಗದಿದ್ರೆ ನಾನಿದ್ದೀನಿ.”

ಒಂದೂವರೆ ಗಂಟೆ ಕಳೆದು ಮತ್ತೆ ಫೋನ್ ಬಂತು. “ಹೋಯ್ತು ಕಣಮ್ಮಾ!” ಅಂತ ಕಿರುಚಿದ. “ನಾನೇ ಕಳಿಸ್ದೆ! ಮಗನ್ನೂ ಕೇಳಲಿಲ್ಲ, ಸೊಸೆನೂ ಕೇಳಲಿಲ್ಲ. ಕಣ್ಣು ಹೋದ ಮೇಲೆ ಒಂದು ಕಾಗದ ನಾನೇ ತುಂಬಿದ್ದು ಇದೇ ಮೊದಲು. ಇನ್ಮೇಲೆ ನಿಮಗೂ ತೊಂದ್ರೆ ಕೊಡಲ್ಲ, ಫೋನ್ ಮಾಡೋ ಕೆಲಸಾನೇ ಇಲ್ಲ ನನಗೆ!”

“ಬಹಳ ಸಂತೋಷ ಯಜಮಾನರೇ,” ಅಂದಳು ಬೋರ್ಡಕ್ಕ. ಸಂತೋಷ ನಿಜವಾಗಿಯೂ ಆಗಿತ್ತು. ಇಷ್ಟು ವರ್ಷ ತಾನು ನೆರವು ಕೊಡುತ್ತಿದ್ದೇನೆ ಅಂದುಕೊಂಡಿದ್ದಳು. ಆ ಕಡೆ ಇದ್ದವರಿಗೆ ಕೇಳುವುದು ಎಷ್ಟು ಭಾರವಾಗಿತ್ತು ಅಂತ ಆ ಮುದುಕನ ಕಿರುಚಾಟದಲ್ಲಿ ಮೊದಲ ಸಲ ಕೇಳಿಸಿತು.

ಅವಳು ಪ್ರಮಾಣಪತ್ರ ತೆರೆದಳು. ಹೆಸರು, ಹುದ್ದೆ, ದಿನಾಂಕ. ಯಾರೂ ಕಿವಿಯಲ್ಲಿ ಹೇಳಲಿಲ್ಲ. ‘ಅರ್ಜಿ ಕಳಿಸಿ’ ಅಂದಳು ಓದುವಾಕೆ. ಬೋರ್ಡಕ್ಕ ಒತ್ತಿದಳು.

“ನಿಮ್ಮ ಪ್ರಮಾಣಪತ್ರ ಸ್ವೀಕರಿಸಲಾಗಿದೆ. ಒಂದನೇ ತಾರೀಖಿನಿಂದ ದೂರವಾಣಿ ಸೇವೆ ಇರುವುದಿಲ್ಲ,” ಅಂದ ಓದುವಾಕೆ ಉಸಿರೂ ತೆಗೆದುಕೊಳ್ಳದೆ ಮುಂದುವರಿಸಿದಳು. “ಹೆಚ್ಚಿನ ಸಹಾಯಕ್ಕೆ ಈ ದೂರವಾಣಿ ಸಂಖ್ಯೆಗೆ ಕರೆ ಮಾಡಿ.”

ಏನನ್ನೇ ಕಳಿಸಿದರೂ ಎಲ್ಲರಿಗೂ ಕಡೆಗೆ ಬರುವ ಸಾಲು ಅದು, ಸಂಖ್ಯೆ ಬೋರ್ಡಕ್ಕನದೇ. ಮೂರು ವಾರ ಹಣೆಯ ಅಗಲ ಅಳೆದ ಸಮಿತಿಯ ಕಣ್ಣಿಗೆ ಇದು ಬಿದ್ದಿರಲಿಲ್ಲ. ಅವಳಿಗೆ ನಗು ತಡೆಯಲಾಗಲಿಲ್ಲ, ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ ಗುತ್ತಿಗೆದಾರನಿಗೆ ಫೋನ್ ಹಚ್ಚಿದಳು.

“ನಿಮ್ಮ ವೆಬ್‌ಸೈಟಲ್ಲಿ ಇನ್ನೊಂದು ತಪ್ಪಿದೆ ನೋಡಿ,” ಅಂತ ವಿವರಿಸಿದಳು.

ಅವನು ದನಿ ತಗ್ಗಿಸಿ ಹೇಳಿದ, “ಅಕ್ಕ, ಅದು ಹಾಗೇ ಇರಲಿ ಬಿಡಿ. ನಾನು ನೋಡಿಲ್ಲ ಅಂದ್ಕೊಳ್ಳಿ. ಜನ ಆ ನಂಬರಿಗೆ ಫೋನ್ ಮಾಡ್ತಾನೇ ಇದ್ರೆ ಇವರು ನಿಮ್ಮನ್ನ ಏಳಿಸೋ ಹಾಗಿಲ್ಲ.”

ಬೋರ್ಡಕ್ಕ ಬೋರ್ಡಿನ ಅಂಚನ್ನು ಬೆರಳಿನಿಂದ ಸವರಿದಳು. ಮರ ಸವೆದು ನುಣ್ಣಗಾಗಿತ್ತು.

“ಏಳಿಸ್ತಾರೆ, ಇವರು ಯಾವಾಗ ಜನರನ್ನ ಕೇಳಿದ್ರು? ನಾನು ರೆಕಾರ್ಡು ರೂಮಲ್ಲಿರ್ತೀನಿ, ಇಲ್ಲಿ ಫೋನು ಬಡ್ಕೋತಾ ಇರತ್ತೆ, ಆ ಕಡೆ ಯಾರೋ ಕಣ್ಣಿಲ್ಲದವರು ಈಗ ಎತ್ತುತ್ತಾರೆ ಆಗ ಎತ್ತುತ್ತಾರೆ ಅಂತ ಕಾಯ್ತಾ ಕೂತಿರ್ತಾರೆ. ತೆಗೆದುಬಿಡಿ,” ಅಂದಳು.

ಅವನು ತೆಗೆಯುವವರೆಗೆ ಅವಳು ಫೋನ್ ಇಡಲಿಲ್ಲ. ತೆಗೆದೆ ಅಂದ ಮೇಲೂ ಓದುವಾಕೆಯಿಂದ ಒಮ್ಮೆ ಆ ಪುಟ ಓದಿಸಿ, ತನ್ನ ನಂಬರು ಇಲ್ಲದ್ದನ್ನು ಖಾತ್ರಿ ಮಾಡಿಕೊಂಡಳು.